ಸೀಮೆಎಣ್ಣೆಯ ಕಾರೂ ಹುತ್ತರಿಯ ಗುಂಡೂ

ಕೊಡಗು ರಾಜ್ಯದಲ್ಲಿ ಮೋಟಾರು ಇಟ್ಟವರು ಅನೇಕರಿರಬಹುದು. ಅದರ ಅಂತರಂಗವನ್ನು ಬಲ್ಲವನು ನಾನೊಬ್ಬನೇ ಎಂಬ ನಂಬಿಕೆ ಕಳೆದ ಹುತ್ತರಿ ಹಬ್ಬದವರೆಗೂ ನನ್ನಲ್ಲಿ ಅಚಲವಾಗಿತ್ತು. ಆ ವರ್ಷ ನಾಪೋಕ್ಲಿನ ನಮ್ಮ ಕುಟುಂಬದ ದೊಡ್ಡ ಮನೆಯಲ್ಲಿ, ಹೊಸ ಕದಿರು ಕೊಯ್ಯುವ ಮುಹೂರ್ತಕ್ಕೆ ಗುಂಡು ಹಾರಿಸುವ ಗೌರವ ನನ್ನ ಪಾಲಿಗೆ ಬಂದಿತ್ತು. ಐವತ್ತರ ಹೊಸ್ತಿಲವರೆಗೆ ಕಾದು ಪಡೆದ ಗೌರವ.

"ಮಧ್ಯಾಹ್ನದ ಬಸ್ಸಿಗೇ ಹೋಗುವ," ಎಂದಳು ಹೆಂಡತಿ ಯಮುನ.

"ಅಂಗಳದಲ್ಲಿ ಕಾರು ನಿಂತಿರುವಾಗ ಬಸ್ಸೇ?"

"ನಿಂತಿರೋದು ಕಾಣ್ತದೆ. ಹೊರಡ್ತದಾ ಅಂತ ಕೇಳಿದ್ದು."

ಆ ಕಾರಿಗೆ ಎರಡು ಟ್ಯಾಂಕು: ಚಿಕ್ಕದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಸೀಮೆಎಣ್ಣೆ. ಪೆಟ್ರೋಲಿನಲ್ಲಿ ಎಬ್ಬಿಸಿ, ಎಂಜಿನ್ ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬರಬೇಕು. ನಿಲ್ಲಿಸುವ ಮುನ್ನ ಮರಳಿ ಪೆಟ್ರೋಲಿಗೆ ಹೋಗಬೇಕು. ಸೀಮೆಎಣ್ಣೆ ಕುಡಿದು ಮಲಗಿದ ಎಂಜಿನ್ ಚಳಿಯಲ್ಲಿ ಏಳುವುದಿಲ್ಲ. ಈ ತತ್ತ್ವವನ್ನು ಹಿಂದಿನ ಸಂಜೆಯಷ್ಟೇ ಕೆಳಗಿನ ಗದ್ದೆಯ ಮೊಣ್ಣಪ್ಪನಿಗೆ, ಗುರುಗುಟ್ಟುತ್ತಿದ್ದ ಕಾರಿನ ಪಕ್ಕದಲ್ಲಿ ನಿಂತು ಸವಿಸ್ತಾರವಾಗಿ ಬೋಧಿಸಿದ್ದೆ. ಬೋಧನೆಯ ಭರದಲ್ಲಿ, ನಲ್ಲಿ ತಿರುಗಿಸದೆಯೇ ಎಂಜಿನ್ ಆರಿಸಿದ್ದೆ.

ಬಸ್ಸು ಹೋಯಿತು. ನಾವಿರುವ ಚೆಟ್ಟಳ್ಳಿಯ ಚಳಿ ಇಳಿಹೊತ್ತಿಗೇ ಅಂಗಳಕ್ಕೆ ಬಂದು ಕೂತಿತು. ಹ್ಯಾಂಡಲ್ ತಿರುಗಿಸಿದೆ; ಕಾರು ಕೆಮ್ಮಿ ಸುಮ್ಮನಾಯಿತು. ಎಂಜಿನ್ನಿಗೆ ಬಿಸಿನೀರು ಸುರಿದೆ.

"ಅದರ ಕಾಲಿಗೂ ಸ್ವಲ್ಪ ಹಾಕಿ, ನೆಂಟರಿಗೆ ಹಾಕಿದ ಹಾಗೆ," ಎಂದಳು ಯಮುನ.

ಚಂದ್ರ ಮೂಡಿದಾಗ ನನ್ನ ತಪ್ಪು ಹೊಳೆಯಿತು. ಕಾರ್ಬುರೇಟರಿನ ಸೀಮೆಎಣ್ಣೆ ಬಸಿದು, ಪೆಟ್ರೋಲು ತುಂಬಿ, ಕೋಟು ಕಳಚಿ, ಪೂರ್ವಜರನ್ನು ನೆನೆದು ತಿರುಗಿಸಿದೆ. ಅಷ್ಟು ಹೊತ್ತೂ ಸೈಲೆನ್ಸರಿನಲ್ಲಿ ಸೇರಿಕೊಂಡಿದ್ದ ಎಣ್ಣೆಯ ಆವಿಯೆಲ್ಲ ಒಮ್ಮೆಲೇ ಹೊತ್ತಿಕೊಂಡಿತು.

ಢಂ!

ಕಾರು ಮತ್ತೆ ಮೌನ ತಾಳಿತು. ಕೆಳಗಿನ ಗದ್ದೆ ತಾಳಲಿಲ್ಲ. ಕುಡುಗೋಲು ಹಿಡಿದು ಗುಂಡಿನ ಸದ್ದಿಗೇ ಕಾದಿದ್ದ ಮೊಣ್ಣಪ್ಪನ ಮನೆಯವರು "ಪೊಲಿ ಪೊಲಿ ದೇವಾ" ಎಂದು ಹುಲುಸು ಬೇಡಿ ಕೂಗಿ ಕದಿರು ಕೊಯ್ದೇಬಿಟ್ಟರು.

ಸ್ವಲ್ಪ ಹೊತ್ತಿನಲ್ಲೇ ಮೊಣ್ಣಪ್ಪ ಕದಿರು ಹೊತ್ತು ನಮ್ಮ ಅಂಗಳಕ್ಕೆ ಬಂದ. "ಈ ಸಲ ನಮ್ಮದೇ ಮೊದಲು, ಮಾರಾಯ್ರೆ. ಸದ್ದು ಗಟ್ಟಿ ಉಂಟು. ಯಾವ ಕೋವಿ?"

ನಾನು ಕೋಟು ಹಾಕಿಕೊಳ್ಳುತ್ತಿರುವಾಗಲೇ ದೂರದ ದೇವಸ್ಥಾನದ ಕಡೆಯಿಂದ ಮುಹೂರ್ತದ ನಿಜವಾದ ಗುಂಡು ಕೇಳಿಸಿತು. ಬೆಟ್ಟದಿಂದ ಬೆಟ್ಟಕ್ಕೆ ಕೋವಿಗಳು ಉತ್ತರಿಸಿದವು. ಮೊಣ್ಣಪ್ಪ ತಲೆಯ ಮೇಲಿನ ಕದಿರನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಹೊಗೆಯಾಡುತ್ತಿದ್ದ ಸೈಲೆನ್ಸರನ್ನು ನೋಡಿದ.

"ಮುಹೂರ್ತಕ್ಕೆ ಮೊದಲೇ ಕೊಯ್ದಾಯ್ತಲ್ಲ. ಎಂತ ಮಾಡುದು ಈಗ?"

"ಗದ್ದೆ ಪೂರ ಉಂಟಲ್ಲ, ಈಗ ಓಡಿಹೋಗಿ ಬೇರೆ ಒಂದು ಹಿಡಿ ಕೊಯ್ಯಿರಿ," ಎಂದಳು ಯಮುನ. "ಇದನ್ನು ಇಲ್ಲೇ ಬಿಡಿ. ಕಾರಿಗೆ ಕಟ್ಟುವ. ಈ ವರ್ಷ ಗುಂಡು ಹೊಡೆದದ್ದು ಅದೇ ಅಲ್ವಾ?"

ಮರುದಿನ ದೊಡ್ಡ ಮನೆಯ ಹಿರಿಯರಿಗೆ ಸಮಜಾಯಿಷಿ ಹೇಳಲು ನಾವು ಬಸ್ಸಿನಲ್ಲಿ ನಾಪೋಕ್ಲಿಗೆ ಹೊರಟೆವು. ಕಾದು ಪಡೆದ ಆ ಗೌರವವೆಲ್ಲ ಅಂಗಳದಲ್ಲೇ, ಮೂತಿಗೆ ಕದಿರು ಕಟ್ಟಿಸಿಕೊಂಡು ನಿಂತಿತ್ತು.