ಡ್ರೈವರ್ ಸಾಹೇಬರ ಚಾವಿಯೂ ವೇಗದ ಬೋರ್ಡೂ

ನಿವೃತ್ತಿಯಾದ ಮೇಲೆ ಮನುಷ್ಯ ತಣ್ಣಗೆ ಕೂರುತ್ತಾನೆ ಎನ್ನುವವರು ನನ್ನನ್ನು ನೋಡಿಲ್ಲ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಪ್ಪಿತಪ್ಪಿ ಕೂತರೂ ಊರ ತಕರಾರುಗಳೆಲ್ಲ ವಿಳಾಸ ಕೇಳಿಕೊಂಡು ಹಳಿಯಾಳದ ನಮ್ಮ ಮನೆಗೇ ಬರುತ್ತವೆ. ಬಿ.ಎಸ್ಸಿ. ಓದಿ, ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ಅಂಗಡಿಗಳ ತಕ್ಕಡಿ ಹಿಡಿದು ನೋಡಿ ಮುದ್ರೆ ಒತ್ತಿದವನು ನಾನು. ಮನೆಯಲ್ಲಿ ಈಗ ಅಳೆಯಲು ಉಳಿದಿದ್ದು ಅಕ್ಕಿ ಮಾತ್ರ, ಅದನ್ನೂ ಹೆಂಡತಿ ಮುಟ್ಟಗೊಡುವುದಿಲ್ಲ.

ಹೀಗಿರುವಾಗ ದಾಂಡೇಲಿ ಕಡೆಯಿಂದ ಊರೊಳಗೆ ಬರುವ ರಸ್ತೆಯಲ್ಲಿ, ಸರಿಯಾಗಿ ನಮ್ಮ ಓಣಿಯ ಬಾಯಿಗೆ, ಒಂದು ಬೋರ್ಡು ನಿಲ್ಲಿಸಿದರು. ಎದುರು ಬರುವ ಗಾಡಿಯ ವೇಗವನ್ನು ರೇಡಾರಿನಿಂದ ಅಳೆದು ಕೆಂಪು ಅಂಕಿಯಲ್ಲಿ ತೋರಿಸುವ ಬೋರ್ಡು. ಮನೆ ಮುಂದೆಯೇ ಅಳತೆಯ ಯಂತ್ರ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

೧. ಸರಕಾರದ ಮುಳ್ಳು

ಪಕ್ಕದ ಮನೆಯವರು ನಿವೃತ್ತ ಬಸ್ ಡ್ರೈವರ್. ಓಣಿಗೆಲ್ಲ ಅವರು ಡ್ರೈವರ್ ಸಾಹೇಬರು. ಘಟ್ಟದ ರಸ್ತೆಯಲ್ಲಿ ಮೂವತ್ತು ವರ್ಷ ಬಸ್ ಓಡಿಸಿದರೂ ಒಂದು ಗೀರು ಬೀಳಿಸಿದವರಲ್ಲ. ಈಗ ಅವರ ಹತ್ತಿರ ಇರುವುದು ಒಂದು ಹಳೆಯ ಸಣ್ಣ ಕಾರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ಹೆಂಡತಿ, ಅಂದರೆ ನಮ್ಮ ವೈನಿ, ಒಂದು ಷರತ್ತು ಹಾಕಿದ್ದರು: ನಲವತ್ತು ದಾಟಿದರೆ ಚಾವಿ ಬಂದ್.

ದಾಂಡೇಲಿಯಲ್ಲಿ ಮದುವೆ ಊಟ ಮುಗಿಸಿಕೊಂಡು ಇಬ್ಬರೂ ಬರುತ್ತಿದ್ದಾಗ ಬೋರ್ಡು "54" ಎಂದಿತು. ಕಾರು ಮನೆ ಮುಂದೆ ನಿಲ್ಲುವ ಹೊತ್ತಿಗೆ ಜಗಳ ಅರ್ಧ ಮುಗಿದಿತ್ತು.

"ಐವತ್ನಾಕು! ನನಗೂ ಓದಾಕ ಬರತೈತಿ," ಎಂದರು ವೈನಿ.

"ಏ, ನನ್ನ ಮೀಟರಿನ ಮುಳ್ಳು ನೋಡಬೇಕಿಲ್ಲೋ? ಮೂವತ್ತೈದರ ಮ್ಯಾಲ ಇತ್ತು!"

"ನಿಮ್ಮ ಮುಳ್ಳು ನಿಮ್ಮ ಮಾತ ಕೇಳತೈತಿ. ಬೋರ್ಡು ಸರಕಾರದ್ದು."

ಡ್ರೈವರ್ ಸಾಹೇಬರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ದನಿ ಇಳಿಸಿದರು. "ಸಾಹೇಬ್ರ, ಕಿಸೆದಾಗ ಚಾವಿ ಇದ್ರ ನಾ ಡ್ರೈವರ್. ಚಾವಿ ಹೋತಂದ್ರ ಬರೇ ಮುದುಕ. ನೀವು ಅಳತಿ ಕಲತವ್ರು. ಆ ಬೋರ್ಡು ಸುಳ್ಳು ಅಂತ ಇಕಿಗೆ ತೋರಸ್ರಿ."

ವೈನಿಗೆ ಒಳಗಿನಿಂದಲೇ ಕೇಳಿಸಿತ್ತು. "ಐತವಾರದ ತನಕಾ ಟೈಮ್ ಕೊಟ್ಟೇನಿ. ಅಲ್ಲಿ ಮಟ ಚಾವಿ ದೇವರ ಜಗಲಿ ಮ್ಯಾಲ ಇರತೈತಿ. ಲಿಂಗಪ್ಪನ ಮುಂದ ಯಾರೂ ಕೈ ಹಾಕೂದಿಲ್ಲ."

ಡ್ರೈವರ್ ಸಾಹೇಬರು ಮರುದಿನದಿಂದ ದಿನಕ್ಕೆ ಮೂರು ಸಲ ಪೂಜೆಗೆ ಕೂರತೊಡಗಿದರು.

೨. ನನ್ನ ಸ್ಕೂಟರು

ತಕ್ಕಡಿ ಪರೀಕ್ಷೆ ಮಾಡಬೇಕೆಂದರೆ ನಮಗೆ ಗೊತ್ತಿರುವ ತೂಕದ ಕಲ್ಲು ಬೇಕು. ಹಾಗೆಯೇ ವೇಗದ ಬೋರ್ಡು ಪರೀಕ್ಷೆ ಮಾಡಲು ಗೊತ್ತಿರುವ ವೇಗ ಬೇಕು. ಸರಿ, ನನ್ನ ಸ್ಕೂಟರೇ ಆ ಕಲ್ಲು ಎಂದುಕೊಂಡು ಮುಳ್ಳನ್ನು ನಲವತ್ತಕ್ಕೆ ಹಿಡಿದು ಬೋರ್ಡಿನ ಎದುರು ಬಂದೆ. ಬೋರ್ಡು "36" ಎಂದಿತು. ತಿರುಗಿ ಹೋಗಿ ಮತ್ತೆ ಬಂದೆ, ಮೂವತ್ತಾರು. ಒಂಬತ್ತು ಸಲ ಬಂದೆ. ಒಂಬತ್ತು ಸಲವೂ ಮೂವತ್ತಾರು.

ಹತ್ತನೇ ಸಲ ತಿರುಗುವಾಗ ರಸ್ತೆ ಬದಿಯಲ್ಲಿ ಒಬ್ಬರು ಕೈಕಟ್ಟಿ ನಿಂತು ನೋಡುತ್ತಿದ್ದರು. ಮುಂಡಗೋಡ ತಾಲೂಕಿನ ಸನವಳ್ಳಿಯ ಕಿರಾಣಿ ಅಂಗಡಿಯವರು. ಹಿಂದೊಮ್ಮೆ ಅವರ ತಕ್ಕಡಿಯನ್ನು ನಾನೇ ಜಪ್ತಿ ಮಾಡಿದ್ದೆ.

"ಏನ್ ಸಾಹೇಬ್ರ, ಮುಂಜಾನಿಂದ ಅಲ್ಲೇ ಗಿರಕಿ ಹೊಡ್ಯಾಕತ್ತೀರಿ?"

ನಾನು ಉತ್ಸಾಹದಿಂದ ವಿಷಯವನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು: ಬೋರ್ಡು ಒಂಬತ್ತು ಸಲವೂ ಒಂದೇ ಮಾತು ಹೇಳಿದೆ, ತಪ್ಪು ಅದರದ್ದಲ್ಲ. ಗಾಡಿ ಮಾಡುವವರು ಮುಳ್ಳನ್ನು ಯಾವಾಗಲೂ ಒಂದಿಷ್ಟು ಮುಂದೆಯೇ ಇಟ್ಟಿರುತ್ತಾರೆ. ಮೇಲೆ ನನ್ನ ಟಯರು ಸವೆದು ಗಾಲಿ ಸಣ್ಣದಾಗಿದೆ. ಅದೇ ದಾರಿಗೆ ಗಾಲಿ ಹೆಚ್ಚು ಸುತ್ತು ಸುತ್ತುತ್ತದೆ, ಮುಳ್ಳು ಇನ್ನಷ್ಟು ಏರುತ್ತದೆ.

ಅಂಗಡಿಯವರು ಎಲ್ಲ ಕೇಳಿ, ಸ್ಕೂಟರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದು, ಥೇಟ್ ನನ್ನದೇ ದನಿಯಲ್ಲಿ ಕೇಳಿದರು: "ಹತ್ತಕ್ಕ ಒಂದು ಫರಕ್ ಐತಿ. ಯಾವಾಗ ಮುದ್ರಿ ಹಾಕಿಸಿದ್ರಿ? ಜಪ್ತಿ ಮಾಡಲೇನ್ರಿ?"

೩. ಖಾಲಿ ಟ್ರೇಲರಿನ ಭಾರ

ಗುರುವಾರ ಬೆಳಿಗ್ಗೆ ಒಬ್ಬ ಕಬ್ಬಿನ ರೈತರು ಸಿಟ್ಟಿನಿಂದ ಬಂದರು. ಹೊಲದಿಂದ ಕಾರ್ಖಾನೆಗೆ ಕಬ್ಬು ಸಾಗಿಸುವವರು, ಟ್ರ್ಯಾಕ್ಟರಿಗೆ ಎರಡು ಟ್ರೇಲರು.

"ಸಾಹೇಬ್ರ, ಕಾರ್ಖಾನಿ ತೂಕದ ಕಾಟಾದಾಗ ದೊಡ್ಡ ಮೋಸ ಐತ್ರಿ. ನಿಮ್ಮ ಓಣಿ ಮುಂದ ಇಪ್ಪತ್ತೆರಡು ಇತ್ತು. ಎರಡು ಕಿಲೋಮೀಟರ್ ಹೋಗಿ ಕಾಟಾ ಹತ್ತಿಸೂದ್ರಾಗ ಹದಿನೇಳು ಆತು. ಐದು ಟನ್ ಎಲ್ಲಿ ಹೋತು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೋರ್ಡಿನ ಮೇಲೆ "ನಿಮ್ಮ ವೇಗ" ಎಂದು ಬರೆದಿದ್ದರು, ಸರಿ. ಆದರೆ ಅದರ ಮೇಲೆ ಯಾರೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಕಟ್ಟಿದ್ದರು. ಕಾಣುತ್ತಿದ್ದದ್ದು ಕೆಂಪು ಅಂಕಿ ಮಾತ್ರ. ತೂಕದ ಕಾಟಾದಲ್ಲಿ ಕಾಣುವುದೂ ಅಂಥದೇ ಕೆಂಪು ಅಂಕಿ. ಟ್ರ್ಯಾಕ್ಟರಿನವರು ಇದನ್ನೂ ತೂಕ ಎಂದೇ ಓದಿದ್ದರು.

"ಅದು ತೂಕ ಅಲ್ರೀ ಗೌಡ್ರ, ನಿಮ್ಮ ಟ್ರ್ಯಾಕ್ಟರಿನ ವೇಗ!" ಎಂದೆ.

ಅವರು ಓಣಿಯ ಬಾಯಿಯ ಬೋರ್ಡಿನ ಕಡೆ ತಿರುಗಿ ನೋಡಿದರು. ಆಮೇಲೆ ಮುಖ ಅರಳಿತು. "ಹಂಗೇನ್ರಿ! ಛಲೋ ಆತು ಬಿಡ್ರಿ. ನಿನ್ನೆ ಕಬ್ಬು ಕಡಿಯೋರು ಬರಲಿಲ್ಲ, ಖಾಲಿ ಟ್ರೇಲರ್ ಹೊಡಕೊಂಡು ಬಂದೆ. ಮೂವತ್ತೆಂಟು ತೋರಿಸ್ತು. ಮನೀಗೆ ಹೋಗಿ ಟ್ರೇಲರಿನ್ಯಾಗ ಏನ ಐತಿ ಅಂತ ತಾಸಗಟ್ಟಲೇ ಹುಡುಕೇನ್ರಿ!"

೪. ಕುಂಬಾರವಾಡದ ಬಸ್ಸು

ಶನಿವಾರ ಬಂತು. ಡ್ರೈವರ್ ಸಾಹೇಬರು ಗೋಡೆಯಾಚೆಯಿಂದ ಗಂಟೆಗೊಮ್ಮೆ ಕೆಮ್ಮುತ್ತಿದ್ದರು. ಕಾರಣ ಮಾತ್ರ ನನಗೆ ಸಿಕ್ಕಿರಲಿಲ್ಲ. ನನ್ನ ಸ್ಕೂಟರಿಗೆ ಬೋರ್ಡು ಕಡಿಮೆ ತೋರಿಸಿತ್ತು, ಅವರ ಕಾರಿಗೆ ಹೆಚ್ಚು. ಮನೆಯಲ್ಲಿ ಕೂರಲಾಗದೆ ಬಸ್ ಸ್ಟ್ಯಾಂಡಿಗೆ ಹೋದೆ.

ಆಗ ತಾನೇ ಕುಂಬಾರವಾಡದ ಬಸ್ಸು ಬಂದು ನಿಂತಿತ್ತು. ಜೋಯಿಡಾದ ಕಾಡಿನೊಳಗಿಂದ ಬರುವ ಅದು ಯಾವತ್ತೂ ತಡ. ಕಂಡಕ್ಟರ್ ಮೊಬೈಲ್ ಎತ್ತಿ ಹಿಡಿದು ಪ್ರಯಾಣಿಕರಿಗೆ ಒಂದು ಫೋಟೋ ತೋರಿಸುತ್ತಿದ್ದ.

"ಬಸ್ ಆಮೆ, ಬಸ್ ಆಮೆ ಅಂತಿದ್ರಲ್ಲ? ನೋಡ್ರಿ, ಸರಕಾರಿ ಬೋರ್ಡಿನ್ಯಾಗ ಅರವತ್ತಾರು!"

"ಆಗ ಹಿಂದಿನಿಂದ ಯಾವುದಾದರೂ ಗಾಡಿ ಬಂದಿತ್ತೇನಪಾ?" ಎಂದೆ.

"ಬಂದಿತ್ರೀ, ದೊಡ್ಡ ಟ್ಯಾಂಕರ್. ನಮ್ಮನ್ನ ಸೈಡ್ ಹೊಡದು ಹೋತು."

ನನ್ನ ತಲೆಯಲ್ಲಿ ದೀಪ ಹತ್ತಿತು! ಬೋರ್ಡಿಗೆ ಕಣ್ಣಿಲ್ಲ. ಅದು ರಸ್ತೆಗೆ ಒಂದು ಕೂಗು ಹಾಕಿ ಮರುದನಿ ಕೇಳುತ್ತದೆ, ಯಾರು ಗಟ್ಟಿಯಾಗಿ ಓಗೊಟ್ಟರೋ ಅವರ ಹಾಜರಿ ಹಾಕುತ್ತದೆ. ದೊಡ್ಡ ಗಾಡಿ ಗಟ್ಟಿಯಾಗಿ ಓಗೊಡುತ್ತದೆ, ಸಣ್ಣ ಕಾರಿನದು ಪಿಸುಮಾತು. ಡ್ರೈವರ್ ಸಾಹೇಬರು ನಿಧಾನ ಹೋಗುವುದರಿಂದ ಅವರ ಹಿಂದೆ ಯಾವಾಗಲೂ ಒಬ್ಬ ಲಾರಿಯವನು ಸೈಡ್ ಹೊಡೆಯಲು ಹೊರಟಿರುತ್ತಾನೆ. ಬೋರ್ಡು ಓದಿದ್ದು ಲಾರಿಯ ವೇಗ, ಬೈಗುಳ ಬಿದ್ದದ್ದು ಕಾರಿಗೆ!

ಇದನ್ನು ಅಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದೆ. ಕಂಡಕ್ಟರ್ ಮುಖ ಬಾಡಿತು. ಹಲಸಿನ ಹಪ್ಪಳದ ಗಂಟು ಹಿಡಿದಿದ್ದ ಒಬ್ಬ ಅಜ್ಜಿ ಅವನ ಬೆನ್ನು ತಟ್ಟಿದರು.

"ಇರ್ಲಿ ಬಿಡಪಾ. ಅಂಥಾ ಬೋರ್ಡು ಕುಂಬಾರವಾಡದ ಮಟ ಮೈಲಿಗೊಂದು ಹಾಕಸು. ಲಗೂನ ಮನಿ ಮುಟ್ಟತೇವಿ."

೫. ಐತವಾರ

ವೈನಿಗೆ ಬಾಯಿಮಾತು ನಡೆಯುವುದಿಲ್ಲ, ಕಣ್ಣಾರೆ ತೋರಿಸಬೇಕು. ನನ್ನ ಯೋಜನೆ ಸರಳವಾಗಿತ್ತು. ಬೋರ್ಡಿನ ಎದುರು, ರಸ್ತೆಯಿಂದ ಕೆಳಗಿಳಿಸಿ ಕಾರು ನಿಲ್ಲಿಸುವುದು. ಎಂಜಿನ್ ಬಂದ್. ಗಂಡ-ಹೆಂಡತಿ ಒಳಗೆ ಕೂತಿರುವುದು. ಹಿಂದಿನಿಂದ ಲಾರಿ ಬಂದು ಬೋರ್ಡು ಅಂಕಿ ತೋರಿಸಿದರೆ, ಅದು ಇವರದಲ್ಲ ಎಂದು ಸಾಬೀತಾದಂತೆ.

ವೈನಿ ಜಗಲಿಯಿಂದ ಚಾವಿ ತಂದು ಗಂಡನ ಕೈಗೆ ಕೊಟ್ಟರು. "ಇವತ್ತೊಂದು ದಿನ." ಡ್ರೈವರ್ ಸಾಹೇಬರು ಹೊಸ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಐವತ್ತು ಹೆಜ್ಜೆ ಓಡಿಸಿ ಕಾರು ನಿಲ್ಲಿಸಿದರು. ನಾನು ಕಿಟಕಿಯ ಹತ್ತಿರ ನಿಂತೆ.

ಬೇಕಾದಾಗ ಲಾರಿ ಬರುತ್ತದೆಯೇ? ಅರ್ಧ ತಾಸು ಕಳೆಯಿತು. ಒಬ್ಬ ಸೈಕಲ್ಲಿನವನು ಹೋದ, "11". ಎಮ್ಮೆಗಳ ಹಿಂಡು ಹೋಯಿತು, ಬೋರ್ಡು "5" ಎಂದಿತು, ಆಮೇಲೆ ಅದೂ ಬೇಸತ್ತು ಖಾಲಿಯಾಯಿತು. ನಾನು ರಸ್ತೆಗೆ ಹೋದೆ, ಬಂದೆ, ಮತ್ತೆ ಹೋದೆ.

"ಸಾಹೇಬ್ರ, ನಿಲ್ರಿ ಒಂದ ಕಡೆ. ನಿಮ್ಮನ್ನ ನೋಡೇ ನನ್ನ ತಲಿ ತಿರಗಾಕತ್ತೈತಿ," ಎಂದರು ವೈನಿ.

"ಇಕಿ ಒಪ್ಪತಾಳ ಏನ್ರೀ?" ಎಂದು ಡ್ರೈವರ್ ಸಾಹೇಬರು ಪಿಸುಗುಟ್ಟಿದರು. ಎರಡೂ ಕೈಗಳಿಂದ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದರು, ನಿಂತ ಕಾರಿನದನ್ನು.

ಅಷ್ಟರಲ್ಲಿ ದಾಂಡೇಲಿ ಕಡೆಯಿಂದ ಹದಿನಾಲ್ಕು ಗಾಲಿಯ ಲಾರಿ ಹಾರ್ನ್ ಹೊಡೆಯುತ್ತ ಬಂತು. ನಾನು ಕುಣಿದಾಡಿಬಿಟ್ಟೆ. "ವೈನಿ! ಬೋರ್ಡು ನೋಡ್ರಿ! ಬೋರ್ಡು!"

ಬೋರ್ಡು ಕೆಂಪಗೆ ಹೊಳೆಯಿತು: "61".

ಲಾರಿ ಧೂಳೆಬ್ಬಿಸಿ ಹೋಯಿತು. ಮರುದನಿ, ಓಗೊಡುವುದು, ಪಿಸುಮಾತು, ಹಾಜರಿ ಎಲ್ಲವನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಡ್ರೈವರ್ ಸಾಹೇಬರ ಕಣ್ಣಲ್ಲಿ ನೀರಾಡಿತ್ತು. "ನೋಡಿದ್ಯಾ? ಎಂಜಿನ್ನ ಬಂದ್ ಐತಿ, ಗಾಲಿ ಅಳ್ಳಾಡಿಲ್ಲ, ಆದ್ರೂ ಅರವತ್ತೊಂದು ತೋರಸ್ತು!"

ವೈನಿ ಬೋರ್ಡು ನೋಡಿದರು. ನನ್ನನ್ನು ನೋಡಿದರು. ಬಹಳ ಹೊತ್ತು ಗಂಡನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೈ ಚಾಚಿ, ಚಾವಿ ಎಳೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ನಿಂತಲ್ಲೇ ಅರವತ್ತೊಂದು ಹೋಗಾವ್ರು, ಓಡಸಾಕ ಬಿಟ್ರ ಎಷ್ಟ ಹೋದೀರಿ?"