ಅಲ್ಲಾಡಿಸಿ ನೋಡಿದ ಗ್ರಾಫಿಕ್ಸ್ ಕಾರ್ಡು

ಎಲ್ಲಕ್ಕೂ ಕಾರಣ, ಬೆಳಿಗ್ಗೆ ರೈಲಿಳಿದ ಸಂತು ಕೊಟ್ಟು ಹೋದ ಎರಡು ಡಬ್ಬಿಗಳು.

ಸಂತು ಬೆಂಗಳೂರಿನಿಂದ ಕಂಪ್ಯೂಟರ್ ಸಾಮಾನು ತಂದು ಊರೂರಿನ ಅಂಗಡಿಗಳಿಗೆ ಹಂಚುವವನು. "ನೋಡು ಗುರೂ, ಇದು ಕೆಂಪು ಫ್ಯಾನಿನ ಕಾರ್ಡು, ಇದು ಹಸಿರು ಫ್ಯಾನಿಂದು. ಎರಡೂ ಹೆಚ್ಚುಕಮ್ಮಿ ಒಂದೇ ರೇಟು. ನಾನು ಬೇಲೂರಿಗೆ ಹೋಗಿ, ಸಾಯಂಕಾಲ ಬೆಂಗಳೂರು ಗಾಡಿ ಹಿಡಿಯೋಕೆ ವಾಪಸ್ ಬರ್ತೀನಿ. ಅಷ್ಟ್ರಲ್ಲಿ ಎರಡೂ ಹಾಕಿ ನೋಡಿ, ಚೆನ್ನಾಗಿರೋದು ಇಟ್ಕೋ, ಇನ್ನೊಂದು ವಾಪಸ್ ಕೊಡು. ಆಮೇಲೆ ಮಾತ್ರ ಬದಲಾಯಿಸೋ ಹಾಗಿಲ್ಲ," ಎಂದು ಹೇಳಿ ಬೇಲೂರು ಬಸ್ಸಿಗೆ ಓಡಿದ.

ಮಧುಕುಮಾರ್ ಎರಡೂ ಡಬ್ಬಿಗಳನ್ನು ಎದೆಗವಚಿಕೊಂಡು, ಅವಳಿ ಕೂಸುಗಳನ್ನು ಆಸ್ಪತ್ರೆಯಿಂದ ಮನೆಗೆ ತರುವ ಅಪ್ಪನ ಹಾಗೆ, ಅರಸೀಕೆರೆಯ ರಸ್ತೆಯಲ್ಲಿ ಆಟೋಗಳಿಂದ ದೂರ ಸರಿಯುತ್ತ ನಡೆದ.

ಜಯದೇವಪ್ಪನವರ ಕೊಬ್ಬರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನದೊಂದು ಗೇಮ್ ಸೆಂಟರ್ ಇತ್ತು. ವರ್ಷದ ಕೆಳಗೆ ಅದೇ ಊರಿಗೆ ದೊಡ್ಡದು. ಈಗ ಬಸ್ ಸ್ಟ್ಯಾಂಡಿನ ಎದುರು ಇನ್ನೊಂದು ತೆರೆದಿತ್ತು. ಅಲ್ಲಿ ಕಂಪ್ಯೂಟರ್ ಆಟದ ಕಾರುಗಳು ಎಣ್ಣೆ ಹಚ್ಚಿದಂತೆ ಓಡುತ್ತವಂತೆ. ಇವನಲ್ಲಿ ಕಾರು ಹೊಸದಾಗಿ ಹೆಜ್ಜೆ ಕಲಿತ ಮಗುವಿನ ಹಾಗೆ ನಿಂತು, ಎಡವಿ, ಮತ್ತೆ ಎದ್ದು ಓಡುತ್ತಿತ್ತು. ಇವತ್ತು ಸಾಯಂಕಾಲ ಬಾಣಾವರದ ಕಾಲೇಜು ಹುಡುಗರ ದಂಡೊಂದು ಬರುವುದಿತ್ತು. ಆಟ ಚೆನ್ನಾಗಿದ್ದರೆ ಭಾನುವಾರವೆಲ್ಲ ಇಲ್ಲೇ, ಇಲ್ಲವಾದರೆ ಬಸ್ ಸ್ಟ್ಯಾಂಡೇ. ಜಯದೇವಪ್ಪನವರೂ ಹೇಳಿಬಿಟ್ಟಿದ್ದರು: "ಇವತ್ತು ರೂಮು ತುಂಬ್ಲಿಲ್ಲ ಅಂದ್ರೆ ನಾಳೆಯಿಂದ ಅಲ್ಲಿ ತೆಂಗಿನಕಾಯಿ ತುಂಬ್ತೀನಿ ಕಣಪ್ಪ. ನನ್ ಕಾಯಿಗೆ ಜಾಗ ಸಾಲ್ದು."

ಡಬ್ಬಿ ಬಿಚ್ಚುವ ಸದ್ದಿಗೇ ಜನ ಸೇರಿದರು. ಪಕ್ಕದ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುವ ಅನುಸೂಯಮ್ಮ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ಎದುರು ಮನೆಯ ಹನುಮಂತಯ್ಯ, ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದವರು, ಕಾಫಿ ಲೋಟದೊಂದಿಗೇ ಬಂದರು. ಜಯದೇವಪ್ಪನವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತರು.

"ಏನಪ್ಪ ಇದು? ಟ್ರಾನ್ಸಿಸ್ಟರ್ ಬಿಚ್ಚಿದಂಗೈತೆ."

"ಗ್ರಾಫಿಕ್ಸ್ ಕಾರ್ಡು ಸಾವ್ಕಾರ್ರೇ. ಆಟದ ಚಿತ್ರಾನೆಲ್ಲ ತೆರೆ ಮೇಲೆ ಬರ್ಕೊಡೋದು ಇದೇ. ಇದು ಚೆನ್ನಾಗಿದ್ರೆ ಬಣ್ಣ ಚೆಂದ, ಓಟ ಚೆಂದ."

ಜಯದೇವಪ್ಪನವರು ಕೆಂಪು ಫ್ಯಾನಿನ ಕಾರ್ಡನ್ನು ಕೈಗೆತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ! ಅವರ ಮುಖ ಅರಳಿತು. ಹಸಿರಿನದನ್ನು ಅಲ್ಲಾಡಿಸಿದರು. ಸದ್ದೇ ಇಲ್ಲ. ತುಟಿ ಕೊಂಕಿಸಿ ಕೆಳಗಿಟ್ಟರು.

"ಕೆಂಪಿಂದೇ ತಗೋ. ಚೆನ್ನಾಗ್ ಒಣಗೈತೆ. ಹಸಿರು ಇನ್ನೂ ಹಸಿ."

"ಅಯ್ಯೋ, ಇದು ಕೊಬ್ಬರಿ ಅಲ್ಲ ಸಾವ್ಕಾರ್ರೇ!"

"ಯಾವ್ದಾದ್ರೇನ್ಲಾ? ವರ್ಷಗಟ್ಲೆ ಅಟ್ಟದ ಮೇಲೆ ಒಣಗಿ, ಒಳಗೆ ಲೊಡಲೊಡ ಅಂದ್ರೇನೆ ಅದು ಮಾಲು. ನಲವತ್ತು ವರ್ಷದ ಕಿವಿ ಇದು."

ಮಧು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲಿ ಕಿವಿಗೆ ಕೆಲಸ ಇಲ್ಲ, ಕಣ್ಣಿಗೆ. ಹಾಕಿ, ಓಡಿಸಿ, ನೋಡಿ ತೀರ್ಮಾನ ಮಾಡ್ಬೇಕು. ಇದು ವಿಜ್ಞಾನ."

ಕಂಪ್ಯೂಟರಿನ ಪೆಟ್ಟಿಗೆ ಮೂಲೆಯಲ್ಲಿ ಗೋಡೆಗೆ ಬೆನ್ನು ತಿರುಗಿಸಿ ಕೂತಿತ್ತು. ಪಕ್ಕದ ತಗಡು ತೆಗೆದು ಮೊದಲು ಕೆಂಪು ಕಾರ್ಡನ್ನು ಒತ್ತಿ ಕೂರಿಸಿದ. ಮಾನಿಟರಿನ ವೈರನ್ನು ಹಿಂದಕ್ಕೆ ಕೈಚಾಚಿ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ದಿನದಿನದ ಅಭ್ಯಾಸವಿದ್ದ ಜಾಗಕ್ಕೆ ಚುಚ್ಚಿದ. ಡಬ್ಬಿಯಲ್ಲಿದ್ದ ಸಿಡಿ ಹಾಕಿದ. ಅದು ಏನೇನೋ ಕೇಳಿತು. ಎಲ್ಲಕ್ಕೂ 'ಯೆಸ್' ಒತ್ತಿದ. ಕಾರ್ ರೇಸು ಶುರುವಾಯಿತು.

"ಆಹಾ!" ಎಂದ ಮಧು. "ನೋಡಿ, ನೋಡಿ! ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ!"

"ಹೌದಲ್ವೇ!" ಎಂದರು ಅನುಸೂಯಮ್ಮ. ಅವರು ನಿನ್ನೆ ನೋಡಿರಲಿಲ್ಲ.

ಹನುಮಂತಯ್ಯನವರು ಕಿಟಕಿ ಪಕ್ಕ ನಿಂತ ಗಾರ್ಡಿನ ಹಾಗೆ ಕಣ್ಣು ಕಿರಿದು ಮಾಡಿ, ತೆರೆಯ ಮೇಲಿನ ರಸ್ತೆ ಬದಿಯ ಕಂಬಗಳನ್ನು ನೋಡುತ್ತಿದ್ದರು. "ಕಂಬ ಹಿಂದಕ್ಕೆ ಹೋಗೋದ್ರಲ್ಲೇ ಗಾಡಿಯ ಸ್ಪೀಡು ಹೇಳ್ತಿದ್ದೆ ಕಣಯ್ಯ ನಾನು. ಇದು ಪ್ಯಾಸೆಂಜರ್ ಗಾಡಿ. ಪರವಾಗಿಲ್ಲ."

"ಪ್ಯಾಸೆಂಜರ್ ಏನ್ರೀ, ಎಕ್ಸ್‌ಪ್ರೆಸ್ಸು!" ಎಂದು ಕೆಂಪಿನ ಪರವಾಗಿ ಜಯದೇವಪ್ಪನವರು ಗುಡುಗಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಾದ ಮೂಲೆಯಲ್ಲಿ ಕೂತು ಮಧು ಕೆಂಪನ್ನು ಕಿತ್ತು ಹಸಿರನ್ನು ಕೂರಿಸಿದ, ತಡಕಾಡಿ ವೈರು ಚುಚ್ಚಿದ. ಸುಮ್ಮನೆ ಕೂತಿರಲಾರದ ಅನುಸೂಯಮ್ಮ, "ಏನ್ ಧೂಳೋ ಇದು ಮಾರಾಯ, ಹುಡುಗ್ರು ಬರೋ ಜಾಗ ಹಿಂಗಿಟ್ಕೋತಾರಾ?" ಎಂದು ಒದ್ದೆ ಬಟ್ಟೆಯಿಂದ ಮೇಜು, ಕೀಲಿಮಣೆ, ಮಾನಿಟರು ಎಲ್ಲವನ್ನೂ ಮಗುವಿನ ಮೂತಿ ಒರೆಸಿದ ಹಾಗೆ ತಿಕ್ಕಿ ಒರೆಸಿದರು.

ಕರೆಂಟು ಬಂದಾಗ ಮಧ್ಯಾಹ್ನ ಕಳೆದಿತ್ತು. ರೇಸು ಮತ್ತೆ ಶುರುವಾಯಿತು. ಎಲ್ಲರೂ ಒಟ್ಟಿಗೇ ಉಸಿರೆಳೆದುಕೊಂಡರು.

"ಅಬ್ಬಬ್ಬಾ! ಆ ಕಾರು ನೋಡ್ರೋ! ಬೆಳಿಗ್ಗೆ ಕುಂಕುಮದ ಬಣ್ಣ ಇತ್ತು, ಈಗ ದಾಸವಾಳ!" ಎಂದರು ಅನುಸೂಯಮ್ಮ. "ಬಟ್ಟೆಗೆ ದಾರ ಹೊಂದ್ಸಿ ಹೊಂದ್ಸಿ ಪಳಗಿರೋ ಕಣ್ಣು ನಂದು. ಹಸಿರು ಕಾರ್ಡೇ ಸೈ."

"ಕಂಬ ನೋಡಿ, ಕಂಬ! ಇದಪ್ಪ ಎಕ್ಸ್‌ಪ್ರೆಸ್ಸು! ಸಿಗ್ನಲ್ಲೇ ಇಲ್ದಂಗೆ ಹೋಗ್ತಾ ಐತೆ!" ಹನುಮಂತಯ್ಯನವರು ಕುಣಿಯುವುದೊಂದು ಬಾಕಿ.

ಮಧು ತೆರೆಗೆ ಮೂಗು ತಾಗುವಷ್ಟು ಬಗ್ಗಿದ. ಎಲೆ ಎಲೆಯೂ ಬೇರೆ ಬೇರೆ ಕಾಣುತ್ತಿತ್ತು. ಕಾರಿನ ಗಾಜಿನಲ್ಲಿ ಆಕಾಶವೇ ಇತ್ತು! ಇವತ್ತು ಬಾಣಾವರದ ಹುಡುಗರು ಇಲ್ಲಿಂದ ಏಳಲಿ ನೋಡೋಣ! "ಸಾವ್ಕಾರ್ರೇ, ಈಗ ಏನಂತೀರಿ?"

"ಹಸಿ," ಎಂದರು ಜಯದೇವಪ್ಪನವರು, ಅಷ್ಟೇ.

ಸಂಜೆ ಸಂತು ಬಂದಾಗ ಬಾಣಾವರದ ಹುಡುಗರೂ ಮೆಟ್ಟಿಲು ಹತ್ತುತ್ತಿದ್ದರು. "ಬೇಗ ಗುರೂ, ಗಾಡಿ ಬರೋ ಹೊತ್ತಾಯ್ತು. ಯಾವ್ದು?"

"ಹಸಿರು! ಎರಡು ಮಾತೇ ಇಲ್ಲ. ಕೆಂಪಿಗೂ ಇದಕ್ಕೂ ಭೂಮಿ ಆಕಾಶ!"

"ಹೌದಾ? ಅಷ್ಟೊಂದಾ?" ಸಂತು ಅಚ್ಚರಿಯಿಂದ ಪೆಟ್ಟಿಗೆಯನ್ನು ಬೆಳಕಿನ ಕಡೆ ತಿರುಗಿಸಿ ಹಿಂದೆ ಬಗ್ಗಿದ. ಸ್ವಲ್ಪ ಹೊತ್ತು ಮೇಲೇಳಲೇ ಇಲ್ಲ. "ಗುರೂ, ಮಾನಿಟರ್ ವೈರು ಎಲ್ಲಿಗೆ ಚುಚ್ಚಿದೀಯ?"

"ಯಾವತ್ತೂ ಚುಚ್ಚೋ ಕಡೆ."

"ಕಾರ್ಡು ಹಾಕಿದ್ಮೇಲೆ ವೈರು ಕಾರ್ಡಿಗೆ ಚುಚ್ಚಬೇಕಲ್ವೇನೋ! ವೈರು ಚುಚ್ಚೋ ತೂತಿನ ನೀಲಿ ಮುಚ್ಚಳಾನೇ ತೆಗ್ದಿಲ್ಲ ನೀನು. ಬೆಳಿಗ್ಗೆಯಿಂದ ನೋಡಿದ್ದು ಕೆಂಪೂ ಅಲ್ಲ, ಹಸಿರೂ ಅಲ್ಲ. ನಿನ್ನ ಹಳೇ ಕಂಪ್ಯೂಟರಿನ ಹಳೇ ಚಿತ್ರಾನೇ!"

"ಮತ್ತೆ ಆ ದಾಸವಾಳ?" ಎಂದ ಮಧು ಕ್ಷೀಣವಾಗಿ. ಅನುಸೂಯಮ್ಮ ತಮ್ಮ ಕೈಯಲ್ಲಿದ್ದ ಕಪ್ಪಗಾದ ಒದ್ದೆ ಬಟ್ಟೆಯನ್ನು ನೋಡಿದರು, ಮಾನಿಟರನ್ನು ನೋಡಿದರು, ಬಟ್ಟೆಯನ್ನು ಮೆಲ್ಲಗೆ ಸೆರಗಿನಡಿ ಸೇರಿಸಿದರು. ಹನುಮಂತಯ್ಯನವರಿಗೆ ಖಾಲಿ ಕಾಫಿ ಲೋಟದಲ್ಲಿ ಏನೋ ಕಂಡಿತು.

ಸ್ಟೇಷನ್ನಿನ ಕಡೆಯಿಂದ ಗಾಡಿಯ ಕೂಗು ಕೇಳಿಸಿತು.

"ಬೇಗ ಹೇಳೋ! ಇನ್ನು ಹಾಕಿ ನೋಡೋಕೆ ಟೈಮಿಲ್ಲ!" ಸಂತು ಹಸಿರನ್ನು ಕಿತ್ತು ಎರಡು ಕಾರ್ಡುಗಳನ್ನೂ ಮಧುವಿನ ಮುಂದೆ ಹಿಡಿದ. ಹುಡುಗರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಧು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ವಿಜ್ಞಾನ ಎಲ್ಲೂ ಇರಲಿಲ್ಲ. ಕೊನೆಗೆ ಯಾರ ಮುಖವನ್ನೂ ನೋಡದೆ ಹಸಿರನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. ಕೆಂಪನ್ನು ಅಲ್ಲಾಡಿಸಿದ. ಲೊಡಲೊಡ.

"ಕೆಂಪು," ಎಂದ.

"ಭೇಷ್!" ಜಯದೇವಪ್ಪನವರು ತೊಡೆ ತಟ್ಟಿದರು. ಸಂತು ಹಸಿರನ್ನು ಚೀಲಕ್ಕೆ ತುರುಕಿ ಓಡಿದ.

ಈ ಸಲ ಮಧು ದೀಪ ಹಿಡಿದು, ನೀಲಿ ಮುಚ್ಚಳ ತೆಗೆದು, ವೈರನ್ನು ಕಾರ್ಡಿಗೇ ಚುಚ್ಚಿದ. ರೇಸು ಶುರುವಾಯಿತು. ಅಯ್ಯೋ, ಅದೇನು ಓಟ! ಅದೇನು ಬಣ್ಣ! ಕಾರು ಬೆಣ್ಣೆಯ ಮೇಲೆ ಜಾರಿದಂತೆ ತಿರುವಿನಲ್ಲಿ ಹೊರಳಿತು, ಟೈರಿನ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. ಹುಡುಗರು "ಹೋ!" ಎಂದು ಕೂಗಿ ಕುರ್ಚಿಗಳಿಗೆ ಮುಗಿಬಿದ್ದರು. "ಪ್ರತಿ ಭಾನುವಾರ ಇಲ್ಲೇ ಕಣ್ರೋ!" ಎಂದನೊಬ್ಬ. ಮಧುವಿನ ಕಣ್ಣು ತುಂಬಿ ಬಂತು. ಸ್ಟೇಷನ್ನಿನಿಂದ ಗಾಡಿ ಹೊರಟ ಸದ್ದು ಕೇಳಿಸಿದಾಗ ಅವನು ಅದಕ್ಕೂ ಕೈ ಬೀಸಿದ.

ಆಗ ಪೆಟ್ಟಿಗೆಯೊಳಗೆ ಟಣ್ ಎಂದಿತು. ಏನೋ ಗರಗರ ತಿರುಗಿ ತಗಡಿಗೆ ಬಡಿಯಿತು. ಸುಟ್ಟ ವಾಸನೆ ಬಂತು. ತೆರೆ ಕಪ್ಪಾಯಿತು. ತೆರೆದೇ ಇದ್ದ ಪಕ್ಕದಿಂದ ಕೆಂಪು ಫ್ಯಾನು ಹೊರಬಿದ್ದು, ನೆಲದ ಮೇಲೆ ಉರುಳುತ್ತ ಹೋಗಿ ಜಯದೇವಪ್ಪನವರ ಚಪ್ಪಲಿಗೆ ತಾಗಿ ನಿಂತಿತು.

ಹುಡುಗರು ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಜಯದೇವಪ್ಪನವರು ಬಗ್ಗಿ ಫ್ಯಾನನ್ನು ಎತ್ತಿಕೊಂಡು, ಧೂಳು ಊದಿ, ಮಧುವಿನ ಅಂಗೈಯಲ್ಲಿಟ್ಟರು.

"ಯಾಕಪ್ಪ ಹಂಗ್ ನೋಡ್ತೀಯ? ಅಷ್ಟು ಚೆನ್ನಾಗ್ ಒಣಗಿದ್ಮೇಲೆ ಚಿಪ್ಪು ಬಿಡ್ದೆ ಇರ್ತದಾ?" ಎಂದು ಸಮಾಧಾನ ಹೇಳಿ, ಕಿಟಕಿಯಿಂದ ಕೆಳಕ್ಕೆ ಬಗ್ಗಿ ಅಂಗಡಿಯ ಆಳನ್ನು ಕೂಗಿದರು: "ಏಯ್ ಕೆಂಚಯ್ಯಾ, ಕಾಯಿ ಚೀಲ ಮೇಲಕ್ಕೆ ತಗೊಂಬಾರೋ!"