ತುಪ್ಪ ತಿನ್ನುವ ಕೋವಿ

ಗಂಡ ರಿಟೈರ್ ಆದ ದಿನದಿಂದ ಹೆಂಡತಿಗೆ ಓವರ್‌ಟೈಮ್ ಶುರುವಾಗುತ್ತದೆ ಎಂಬ ಸತ್ಯವನ್ನು ಇಂದುಮತಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅಮೆರಿಕದ ಟ್ರಾಯ್ ಊರಿನಲ್ಲಿ ಬ್ರೇಕ್ ತಯಾರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದ ತಿರುಮಲೇಶ, ನಿವೃತ್ತನಾದ ಮರುವಾರವೇ ತನ್ನ ಇಲಾಖೆಯನ್ನು ಅಡುಗೆಮನೆಗೆ ವರ್ಗಾಯಿಸಿಕೊಂಡ. ದೋಸೆ ನಡುವೆ ಒಂದು ದಪ್ಪ, ಅಂಚಿಗೆ ಒಂದು ದಪ್ಪ ಇದೆಯೆಂದು ತಕರಾರು ತೆಗೆದ. ಕುಕ್ಕರಿನ ಮುಂದೆ ಕೈಕಟ್ಟಿ ನಿಂತು, "ಇಂದು, ಗ್ಯಾಸ್ಕೆಟ್ ಹೋಗಿದೆ ಕಣೆ," ಎಂದು ವರದಿ ಒಪ್ಪಿಸಿದ. ವಾರದ ದಿನಗಳಲ್ಲಿ ಇಂದುಮತಿ ಆಸ್ಪತ್ರೆಯ ಲ್ಯಾಬಿಗೆ ಹೋಗಿ ಹೇಗೋ ಪಾರಾಗುತ್ತಿದ್ದಳು. ಶನಿವಾರ ಮಾತ್ರ ದೇವರೇ ಗತಿ.

ಇಟಾಸ್ಕಾದಲ್ಲಿರುವ ಮಗಳು ದೀಪ್ತಿ ಫೋನಿನಲ್ಲೇ ರೋಗ ಪತ್ತೆಹಚ್ಚಿದಳು. "ಅಮ್ಮಾ, ಡ್ಯಾಡ್ ನೀಡ್ಸ್ ಎ ಹಾಬಿ."

ಇಂದುಮತಿ ಗಾಲ್ಫಿಗೆ ಕಳಿಸಿದಳು; ಸೊಂಟ ಹಿಡಿಯಿತು. ಭಜನೆಗೆ ಕಳಿಸಿದಳು, ಅಲ್ಲಿ ಆತ ಎಲ್ಲರ ತಾಳ ತಿದ್ದಲು ಹೋದ; ಭಜನೆಯವರೇ ಕೈಮುಗಿದರು. ಕೊನೆಗೊಂದು ಭಾನುವಾರ ಹಳೆಯ ಕೋಟೆಯೊಂದರಲ್ಲಿ ನಡೆದ ಪ್ರದರ್ಶನಕ್ಕೆ ಇಬ್ಬರೂ ಹೋದರು. ಮೂರು ಮೂಲೆಯ ಟೋಪಿ ತೊಟ್ಟ ಮುದುಕರು ಕೋವಿಯ ಮೂತಿಯಿಂದ ಮದ್ದು ಸುರಿದು, ಗುಂಡನ್ನು ಕಡ್ಡಿಯಿಂದ ಜಡಿದು ಢಮ್ ಎನ್ನಿಸುತ್ತಿದ್ದರು. ತಿರುಮಲೇಶ ಬಾಯಿ ತೆರೆದು ನಿಂತುಬಿಟ್ಟ. ಆತ ಕೋವಿಗೆ ಮದ್ದು ಹಾಕುವ ಮೊದಲೇ ಕೋವಿ ಆತನಿಗೆ ಮದ್ದು ಹಾಕಿತ್ತು.

ಸ್ವಲ್ಪ ದಿನಕ್ಕೆ ಇಂದುಮತಿಗಿಂತ ಉದ್ದದ ಪೆಟ್ಟಿಗೆಯೊಂದು ಬಾಗಿಲಿಗೆ ಬಂತು. ಒಳಗಿದ್ದ ಕೋವಿ ನೋಡಲು ಇನ್ನೂರೈವತ್ತು ವರ್ಷದ ಅಜ್ಜ; ಹುಟ್ಟಿದ್ದು ಮಾತ್ರ ಹೋದ ವರ್ಷ, ಇಟಲಿಯ ಫ್ಯಾಕ್ಟರಿಯಲ್ಲಿ.

"ದುಡ್ಡು ಕೊಟ್ಟು ಹೊಸಾದಾಗಿ ಹಳೇದು ತಂದ್ರಾ?" ಎಂದಳು.

"ರಿಪ್ರೊಡಕ್ಷನ್ ಕಣೆ. ಹಳೇ ಡಿಸೈನು, ಹೊಸಾ ಸ್ಟೀಲು."

"ನಿಮಗೆ ಉಲ್ಟಾ ಅನ್ನಿ. ನೀವು ಹಳೇ ಸ್ಟೀಲು, ದಿನಾ ಹೊಸಾ ಡಿಸೈನು."

ಬಾಯಲ್ಲಿ ಹೀಗೆಂದರೂ ಅವಳ ಮನಸ್ಸು ಮಂಡಿಗೆ ತಿನ್ನುತ್ತಿತ್ತು. ಗಂಡ ಶನಿವಾರ ಬೆಳಿಗ್ಗೆ ಶೂಟಿಂಗ್ ಕ್ಲಬ್ಬಿಗೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಕಾಫಿ, ಸೋಫಾ, ಮೌನ.

ಆದರೆ ಹೊರಡುವ ಮುನ್ನವೇ ವಿಘ್ನ. ಗುಂಡಿಗೆ ಸುತ್ತುವ ಬಟ್ಟೆತುಂಡಿಗೆ ಜಿಡ್ಡು ಸವರದಿದ್ದರೆ ಅದು ನಳಿಗೆಯಲ್ಲಿ ಇಳಿಯುವುದಿಲ್ಲವಂತೆ. ಅಂಗಡಿಯಿಂದ ತಂದ ಜಿಡ್ಡಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಇಂದುಮತಿ ಓದಿದಳು (ಬಿಸ್ಕತ್ತಿನ ಪೊಟ್ಟಣವನ್ನೂ ಹಿಂದೆ ತಿರುಗಿಸಿ ಓದದೆ ಆಕೆ ಕೊಂಡವಳಲ್ಲ).

"ಇದ್ರಲ್ಲಿ ಕುರಿ ಕೊಬ್ಬಿದೆ. ನಮ್ಮನೆ ಸಿಂಕಲ್ಲಿ ಇದನ್ನೆಲ್ಲಾ ತೊಳಿಯೋ ಹಾಗಿಲ್ಲ."

"ಹಾಗಾದ್ರೆ ಬಿಡು," ಎಂದ ತಿರುಮಲೇಶ ಮುಖ ಸಣ್ಣದು ಮಾಡಿ. "ಶನಿವಾರ ಮನೇಲೇ ಇರ್ತೀನಿ."

ಮರುಕ್ಷಣ ಒಲೆಯ ಮೇಲೆ ಬಾಣಲೆ ಏರಿತು. ತುಪ್ಪ, ಹರಳೆಣ್ಣೆ, ಜೇನುಮೇಣ ಕರಗಿಸಿ, ಕೈಹದ ನೋಡಿ, ಮುಲಾಮಿನಂತೆ ಡಬ್ಬಿಗೆ ತುಂಬಿದಳು. ಆತನ ಸವೆದ ಪಂಚೆಯನ್ನೇ ದುಂಡಗೆ ಕತ್ತರಿಸಿ ಕೊಟ್ಟಳು. ಇದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಆತಂಕಕ್ಕೆ, ಆ ಒಂದು ಶನಿವಾರ ತಾನೂ ಜೊತೆಗೆ ಹೋದಳು.

ತಿರುಮಲೇಶ ಮದ್ದು ಅಳೆದು ಸುರಿದ. ಪಂಚೆಯ ತುಂಡಿನಲ್ಲಿ ಗುಂಡನ್ನಿಟ್ಟು ಜಡಿದ. ಅದು ಗಂಟಲಲ್ಲಿ ಕಡುಬು ಇಳಿದಂತೆ ಸಲೀಸಾಗಿ ಇಳಿಯಿತು. ಕೋವಿಯ ಕುದುರೆ ಎಳೆದ. ಟಿಕ್. ಮತ್ತೆ ಎಳೆದ. ಟಿಕ್. ಚಕಮಕಿ ಕಲ್ಲನ್ನು ಸರಿಪಡಿಸಿ ಇನ್ನೊಮ್ಮೆ ಎಳೆದಾಗ ಢಮಾರ್ ಎಂದಿತು, ತಿರುಮಲೇಶ ಬಿಳಿ ಹೊಗೆಯಲ್ಲಿ ಮಾಯವಾದ. ಹೊಗೆ ಕರಗಿದಾಗ ಮಸಿ ಬಳಿದ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು. ಗುಂಡು ಗುರಿಹಲಗೆಯ ಅಂಚನ್ನು ಸೀಳಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಗಂಡ ಹೀಗೆ ನಕ್ಕಿದ್ದನ್ನು ಆಕೆ ನೋಡಿರಲಿಲ್ಲ. ತಾನೂ ನಕ್ಕಳು.

ಪಕ್ಕದಲ್ಲಿ ಕ್ಲಬ್ಬಿನ ಹಿರಿಯ ವಾಲ್ಟರ್, ಎದೆಯವರೆಗೆ ಬಿಳಿಗಡ್ಡದವನು, ಮಸಿ ಕಟ್ಟಿದ ತನ್ನ ನಳಿಗೆಯೊಂದಿಗೆ ಗುದ್ದಾಡುತ್ತಿದ್ದ. ಮೂಗರಳಿಸಿ ಬಂದು, ಈ ಹೊಗೆ ಇಷ್ಟು ಘಮಘಮಿಸುವುದೇಕೆ, ಗುಂಡು ಹೀಗೆ ಜಾರುವುದೇಕೆ ಎಂದು ಕೇಳಿದ.

"ನಮ್ಮನೆ ತುಪ್ಪ," ಎಂದಳು ಇಂದುಮತಿ. ಹೊಗಳಿಕೆ ತಲೆಗೇರಿತ್ತು, ಇಲ್ಲದಿದ್ದರೆ ಮುಂದಿನ ಮಾತು ಬಾಯಿಂದ ಬರುತ್ತಿರಲಿಲ್ಲ. "ಒಂದು ಶನಿವಾರ ಮನೆಗೆ ಬನ್ನಿ, ಮಾಡೋದು ಹೇಳಿಕೊಡ್ತೀನಿ."

ಮರು ಶನಿವಾರ, ತಿರುಮಲೇಶ ಕ್ಲಬ್ಬಿಗೆ ಹೊರಡುವ ಮೊದಲೇ, ಆಕೆ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ವಾಲ್ಟರ್. ಆತನ ಹಿಂದೆ, ಡ್ರೈವ್‌ವೇ ಉದ್ದಕ್ಕೂ, ಖಾಲಿ ಡಬ್ಬಿ ಹಿಡಿದ ಆರು ಗಡ್ಡಗಳು. ಶೂ ಬಿಚ್ಚಿ, ಕಾಲುಚೀಲದಲ್ಲಿ ಸಾಲಾಗಿ ಒಳಬಂದು ಒಲೆ ಸುತ್ತುವರಿದರು. ಒಬ್ಬ ಉರಿ ಹೆಚ್ಚಾಯಿತೆಂದ, ಇನ್ನೊಬ್ಬ ಸೌಟು ಸರಿಯಿಲ್ಲವೆಂದ. ಎಲ್ಲರೂ ರಿಟೈರ್ ಆದವರೇ. ತಿರುಮಲೇಶ ನಡುವೆ ನಿಂತು ಎಲ್ಲರಿಗೂ ಮೇಲ್ವಿಚಾರಕ.

ವಾಲ್ಟರ್ ಹೂಗುಚ್ಛವೊಂದನ್ನು ಆಕೆಯ ಕೈಗಿತ್ತ. ಏಳೂ ಮನೆಯ ಹೆಂಗಸರು ಸೇರಿ ಕಳಿಸಿದ್ದಂತೆ. ಕ್ಲಬ್ಬು ಮಳೆ ಬಂದರೆ ಮುಚ್ಚುತ್ತದೆ, ಹಿಮ ಬಿದ್ದರೆ ಮುಚ್ಚುತ್ತದೆ. ನಿಮ್ಮ ಮನೆ ಹಾಗಲ್ಲವಲ್ಲ, ತುಂಬಾ ಥ್ಯಾಂಕ್ಸ್ ಎಂದು ಹೇಳಿಕಳಿಸಿದ್ದರಂತೆ.

ಇಂದುಮತಿ ಹೂವನ್ನೂ ಗಡ್ಡಗಳನ್ನೂ ನೋಡಿದಳು. ನಗು ತಡೆಯಲಾಗದೆ ಗೋಡೆಗೊರಗಿದಳು.

ಅವಳು ಸಂತೋಷಕ್ಕೇ ನಗುತ್ತಿದ್ದಾಳೆಂದು ತಿಳಿದ ತಿರುಮಲೇಶ ಹತ್ತಿರ ಬಂದು ಪಿಸುಗುಟ್ಟಿದ. "ಎಷ್ಟು ಒಳ್ಳೆ ಜನ ನೋಡು ಇಂದು. ಮುಂದಿನ ವಾರದಿಂದ ಊಟಕ್ಕೂ ಇರ್ತಾರಂತೆ."